ನಾಲಗೆಯಡಿಯ ಗುಂಡಿ

ಕೇಳಿರಿ, ಅಣ್ಣಂದಿರೇ, ಅಕ್ಕಂದಿರೇ. ದಿನದ ದುಡಿಮೆ ಮುಗಿಸಿ ಕಾಲು ಚಾಚಿ ಕುಳಿತವರೇ, ಒಂದು ಗಳಿಗೆ ಇತ್ತ ಕಿವಿಗೊಡಿರಿ. ನೀವು ತೊಟ್ಟ ಅಂಗಿಯ ಕಾಲರನ್ನೋ ಮಗ್ಗುಲಲ್ಲಿ ಕುಳಿತವರ ಅಂಗಿಯ ಕಾಲರನ್ನೋ ಎರಡು ಬೆರಳಿನಿಂದ ಮುಟ್ಟಿ ನೋಡಿರಿ. ಅದರ ಎರಡು ತುದಿಗಳು ಒಂದೇ ಅಳತೆಯಲ್ಲಿ ಚೂಪಾಗಿ ಇಳಿದಿದ್ದರೆ, ಯಾವಳೋ ಒಬ್ಬ ತಾಯಿ ಕೂತಲ್ಲಿಂದ ಏಳದೆ ಅದನ್ನು ಹೊಲಿದಿದ್ದಾಳೆಂದು ತಿಳಿಯಿರಿ. ಅಂಥ ಒಬ್ಬಳ ಬಾಳಿನ ಕಥೆ ಇದು. ಇದರಲ್ಲಿ ನಾಲ್ಕು ಜನರ ನಡುವೆ ಆಡಲು ಸಂಕೋಚಪಡುವ ಮಾತುಗಳಿವೆ. ಮುಖ ತಿರುಗಿಸಬೇಡಿರಿ. ದೇವರು ಮಾಡಲು ನಾಚದೆ ಇದ್ದುದನ್ನು ಹೇಳಲು ನಾವು ನಾಚಿದರೆ, ಮಾಡಿದವನಿಗಿಂತ ನಾವೇ ದೊಡ್ಡ ಮರ್ಯಾದಸ್ಥರು ಎಂದ ಹಾಗಾಯಿತು.

ಅವಳನ್ನು ಎಲ್ಲರೂ ಕಾಲರಕ್ಕ ಎನ್ನುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ತಗಡಿನ ಮಾಡಿನ ಉದ್ದನೆಯ ಹೊಲಿಗೆ ಕಾರ್ಖಾನೆಯಲ್ಲಿ ಮೂವತ್ತಾರು ಯಂತ್ರಗಳ ಒಂದು ಸಾಲು. ಆ ಸಾಲಿನ ಹನ್ನೊಂದನೆಯ ಯಂತ್ರ ಅವಳದು. ಅಲ್ಲಿ ಯಾರೂ ಪೂರ್ತಿ ಅಂಗಿಯನ್ನು ಹೊಲಿಯುವುದಿಲ್ಲ. ಒಬ್ಬಳು ಕಿಸೆ ಹಚ್ಚುತ್ತಾಳೆ, ಒಬ್ಬಳು ಕಫ್ ಮಾಡುತ್ತಾಳೆ, ಇನ್ನೊಬ್ಬಳು ಗುಂಡಿ ತೂರುವ ಕಾಜಾ ಹಾಕುತ್ತಾಳೆ. ಅಂಗಿಯು ಬಂಡಲು ಬಂಡಲಾಗಿ ಕೈಯಿಂದ ಕೈಗೆ ಸಾಗುತ್ತದೆ. ಎರಡು ಪದರ ಬಟ್ಟೆಯ ನಡುವೆ ಗಟ್ಟಿ ಕ್ಯಾನ್ವಾಸ್ ಇಟ್ಟು ಹೊಲಿದು, ಒಳಗಿನದನ್ನು ಹೊರಕ್ಕೆ ತಿರುವಿ, ಮೊಂಡು ಕಡ್ಡಿಯಿಂದ ತುದಿಗಳನ್ನು ಚುಚ್ಚಿ ನಿಲ್ಲಿಸಿ, ಮೇಲೊಂದು ಹೊಲಿಗೆ ಓಡಿಸುವುದು ಕಾಲರಕ್ಕನ ಕೆಲಸ. ಎಡ ತುದಿ, ಬಲ ತುದಿ ಒಂದು ನೂಲೆಳೆಯಷ್ಟೂ ಹೆಚ್ಚುಕಡಿಮೆಯಾಗುವಂತಿಲ್ಲ. ಅವಳು ಅಳತೆಪಟ್ಟಿಯನ್ನು ಮುಟ್ಟಿದ್ದನ್ನು ಕಂಡವರೇ ಇರಲಿಲ್ಲ.

ಆ ಸಾಲಿಗೆ ಒಂದು ಹಲಗೆಯಿತ್ತು. ಅಂಗೈಯಗಲದ ಮರದ ಹಲಗೆ. ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಹೊರಗೆ’ ಎಂದು ಬರೆದು, ದಾರ ಕಟ್ಟಿ, ಗೋಡೆಯ ಮೊಳೆಗೆ ತೂಗುಹಾಕಿದ್ದರು. ಜಲಬಾಧೆಗೆ ಹೋಗಬೇಕಾದವಳು ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಬಂದು ಮತ್ತೆ ಮೊಳೆಗೆ ಸಿಕ್ಕಿಸಬೇಕು. ಮೂವತ್ತಾರು ಹೆಂಗಸರಿಗೆ ಒಂದೇ ಹಲಗೆ. ಹಾಕಿಕೊಂಡವಳು ಇಡೀ ಕಾರ್ಖಾನೆಯ ಉದ್ದಕ್ಕೂ ನಡೆದು, ಇಸ್ತ್ರಿ ಮಾಡುವ ಗಂಡಸರ ಮೇಜುಗಳನ್ನು ದಾಟಿ ಹೋಗಬೇಕು. ಆವಿಯ ನಡುವಿನಿಂದ ಆ ತಲೆಗಳು ಮೇಲೇಳುತ್ತಿದ್ದವು. ಇತ್ತ ಅವಳ ಯಂತ್ರದ ಮುಂದೆ ಬಂಡಲು ರಾಶಿಯಾಗುವುದು, ಮುಂದಿನವಳ ಕೈ ಖಾಲಿ ಬೀಳುವುದು, ಮೇಲ್ವಿಚಾರಕ ಅವಳ ಯಂತ್ರದ ಸಂಖ್ಯೆಯನ್ನು ಗಟ್ಟಿಯಾಗಿ ಕೂಗುವುದು. ಕೈಗೆ ಗಡಿಯಾರ ಕಟ್ಟಿಕೊಂಡೂ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ ಆ ಮನುಷ್ಯನಿಗೆ ಹೆಂಗಸರು ಗಡಿಯಾರಣ್ಣ ಎಂದು ಹೆಸರಿಟ್ಟಿದ್ದರು. ಅವನೇನೂ ರಾಕ್ಷಸನಲ್ಲ. ಗಂಟೆಗೆ ಇಷ್ಟು ಅಂಗಿ ಎಂದು ಅವನ ತಲೆಯ ಮೇಲೂ ಒಬ್ಬರು ಕುಳಿತಿದ್ದರು.

ಕಾಲರಕ್ಕ ಸೇರಿದ ಎರಡನೆಯ ತಿಂಗಳಲ್ಲೇ ಒಂದು ಉಪಾಯ ಕಂಡುಕೊಂಡಳು. ಬೆಳಗ್ಗೆ ಎದ್ದಾಗಿನಿಂದ ಮಧ್ಯಾಹ್ನದ ಊಟದ ಗಂಟೆಯವರೆಗೆ ಒಂದು ಗುಟುಕು ನೀರನ್ನೂ ಮುಟ್ಟಬಾರದು. ಬಾಯಿ ಒಣಗಿದರೆ ನಾಲ್ಕು ತೂತಿನ ಅಂಗಿಯ ಗುಂಡಿಯೊಂದನ್ನು ನಾಲಗೆಯ ಕೆಳಗಿಟ್ಟುಕೊಂಡರಾಯಿತು. ಎಂಜಲು ಒಸರುತ್ತದೆ, ಬಾಯಾರಿಕೆ ಮರೆತುಹೋಗುತ್ತದೆ. ಊಟಕ್ಕೆ ಅರ್ಧ ಲೋಟ ನೀರು, ಮತ್ತೆ ಸಂಜೆಯವರೆಗೆ ಗುಂಡಿ. ಹತ್ತೊಂಬತ್ತು ವರ್ಷ ಅವಳು ಆ ಹಲಗೆಯನ್ನು ಕೊರಳಿಗೆ ಹಾಕಲಿಲ್ಲ. ಗಡಿಯಾರಣ್ಣ ಹೊಸಬರ ಮುಂದೆ ಅವಳನ್ನು ತೋರಿಸಿ, ಒಂಟೆಗಾದರೂ ನಡುವೆ ಒಮ್ಮೆ ನೀರು ಬೇಕು, ನಮ್ಮ ಕಾಲರಕ್ಕನಿಗೆ ಬೇಡ ಎಂದು ಹೊಗಳುತ್ತಿದ್ದ. ಅವಳು ಆ ಹೊಗಳಿಕೆಯನ್ನು ಮನೆಗೆ ತಂದು ಗಂಡನ ಮುಂದಿಟ್ಟಾಗ, ಬೀಗ ರಿಪೇರಿಯ ಅಂಗಡಿಯಿಟ್ಟಿದ್ದ ಆ ನಗೆಗಾರ, ಒಂಟೆ ಮನೆಯಲ್ಲಿದ್ದ ಮೇಲೆ ನಲ್ಲಿಯಿಂದ ನೀರು ಹೊರುವ ಕೆಲಸ ತನಗೆ ತಪ್ಪಿತು ಎಂದು ನಿಟ್ಟುಸಿರಿನ ನಟನೆ ಮಾಡಿದ್ದ.

ಹೊಸದಾಗಿ ಸಾಲಿಗೆ ಬಂದ ಪ್ರತಿಯೊಬ್ಬಳಿಗೂ ಕಾಲರಕ್ಕ ಮೊದಲ ದಿನ ಒಂದು ಗುಂಡಿಯನ್ನು ತೊಳೆದು ಅಂಗೈಗೆ ಹಾಕುತ್ತಿದ್ದಳು. ಅವಳ ಮನಸ್ಸಿನಲ್ಲಿ ಅದು ದಾನವೇ ಆಗಿತ್ತು. ಆ ಹಲಗೆಯ ಅವಮಾನದಿಂದ ಒಬ್ಬಳನ್ನು ಪಾರು ಮಾಡಿದೆ ಎಂಬ ತೃಪ್ತಿಯಿಂದ ಅವಳು ಮನೆಗೆ ಹೋಗುತ್ತಿದ್ದಳು. ಹಾಗೆ ಗುಂಡಿ ಪಡೆದವರಲ್ಲಿ ಅವಳ ತಂಗಿಯ ಮಗಳೂ ಒಬ್ಬಳು. ತಂಗಿ ತೀರಿಕೊಂಡಾಗ ಒಂಬತ್ತು ವರ್ಷದವಳಾಗಿದ್ದ ಆ ಹುಡುಗಿಯನ್ನು ಕಾಲರಕ್ಕನೇ ತಂದು ಸಾಕಿದಳು. ತನ್ನ ಹೊಟ್ಟೆಯಲ್ಲಿ ಮಕ್ಕಳಾಗದಿದ್ದ ಕೊರಗನ್ನು ಅವಳಲ್ಲಿ ಮರೆತಳು. ದೊಡ್ಡಮ್ಮನ ಕೈಯ ಅಚ್ಚುಕಟ್ಟು ಹುಡುಗಿಗೂ ಬಂತು. ಕಫ್ ಯಂತ್ರದಲ್ಲಿ ಕುಳಿತ ಅವಳನ್ನು ಸಾಲಿನವರು ಮರಿಕಾಲರ್ ಎಂದು ಕರೆದರು. ಮನೆಯಲ್ಲಿ ಅವಳು ಮರಿ.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಕಾಲರಕ್ಕನಿಗೆ ಒಂದು ಸಂಗತಿ ಹೊಳೆಯಿತು. ತಡೆದುಕೊಳ್ಳಲು ಈಗ ಅವಳು ಕಷ್ಟಪಡಬೇಕಾಗಿಯೇ ಇರಲಿಲ್ಲ. ಮೊದಲೆಲ್ಲ ಮೂರು ಗಂಟೆಯ ಹೊತ್ತಿಗೆ ತೊಡೆಯನ್ನು ತೊಡೆಗೆ ಒತ್ತಿ, ಹಲ್ಲು ಕಚ್ಚಿ, ಪೆಡಲಿನ ಮೇಲಿನ ಪಾದ ನಡುಗದ ಹಾಗೆ ನೋಡಿಕೊಳ್ಳಬೇಕಿತ್ತು. ಈಗ ಅಂಥದ್ದೇನೂ ಇಲ್ಲ. ದಿನವಿಡೀ ಒಳಗೆ ನೀರವತೆ. ಆ ಭಾನುವಾರದ ಪ್ರಾರ್ಥನೆಯಲ್ಲಿ ಅವಳು ಕಣ್ಣು ಮುಚ್ಚಿ, ಕೈ ಜೋಡಿಸಿ, ಸ್ವಾಮೀ, ನನ್ನ ಕಷ್ಟವನ್ನು ನೋಡಿ ನನ್ನ ಮೈಯನ್ನು ನನ್ನ ಮಾತು ಕೇಳುವ ಹಾಗೆ ಮಾಡಿದೆಯಲ್ಲ ಎಂದು ಕೃತಜ್ಞತೆ ಸಲ್ಲಿಸಿದಳು.

ಬಂಧುಗಳೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಹಸಿವು, ನಿದ್ದೆ, ನೋವು, ಜಲಬಾಧೆ, ಇವೆಲ್ಲ ನಮ್ಮನ್ನು ಮಾಡಿದವನು ನಮ್ಮೊಳಗಿಟ್ಟ ದೂತರು. ಬಾಗಿಲಿಗೆ ಬಂದ ದೂತನನ್ನು ಒಂದು ದಿನ ಹೊರಗೆ ನಿಲ್ಲಿಸಬಹುದು, ಹತ್ತು ದಿನ ನಿಲ್ಲಿಸಬಹುದು. ಹತ್ತೊಂಬತ್ತು ವರ್ಷ ನಿಲ್ಲಿಸಿದರೆ ಅವನು ಬರುವುದನ್ನೇ ಬಿಡುತ್ತಾನೆ. ಆ ತಾಯಿ ದೂತ ಸತ್ತ ಮನೆಯ ಮೌನವನ್ನು ದೇವರ ಶಾಂತಿಯೆಂದು ಭಾವಿಸಿದಳು. ಅವಳನ್ನು ಹಳಿಯಲು ನನಗೆ ನಾಲಗೆ ಬಾರದು. ನಮ್ಮಲ್ಲಿ ಎಷ್ಟು ಜನ ಮರಗಟ್ಟಿದ್ದನ್ನೇ ವರವೆಂದುಕೊಂಡು ಕೈ ಮುಗಿದಿಲ್ಲ?

ಮುಂದಿನ ಎರಡು ವರ್ಷಗಳು ನಿಧಾನವಾಗಿ ಅವಳನ್ನು ತಿಂದವು. ಸಂಜೆ ಮನೆಯ ಬಚ್ಚಲಿಗೆ ಹೋದರೆ ಒಂದೇ ಸಲಕ್ಕೆ ಆಗುತ್ತಿರಲಿಲ್ಲ. ಹೊಟ್ಟೆಯ ಕೆಳಭಾಗವನ್ನು ಎರಡೂ ಅಂಗೈಗಳಿಂದ ಒತ್ತಿ, ಮುಂದಕ್ಕೆ ಬಾಗಿ, ಹನಿ ಹನಿಯಾಗಿ ಇಳಿಸಬೇಕಿತ್ತು. ಸೊಂಟದ ಹಿಂದೆ ಒಂದು ಮಂದ ನೋವು ಬಂದು ನೆಲೆಸಿತು. ಬಟ್ಟೆಯ ನಡುಪಟ್ಟಿಯನ್ನು ಎರಡು ಸಲ ಬಿಚ್ಚಿ ಸಡಿಲಿಸಿದಳು. ಆಮೇಲೆ ಇನ್ನೊಂದು ಶುರುವಾಯಿತು: ಕೆಮ್ಮಿದರೆ, ಬಂಡಲು ಎತ್ತಲು ಬಗ್ಗಿದರೆ, ಅವಳಿಗೆ ತಿಳಿಯದೆಯೇ ಬಟ್ಟೆ ಒದ್ದೆ. ಮೂತ್ರದ ಕರೆಯೇ ಇಲ್ಲ, ಆದರೂ ಒದ್ದೆ. ಕತ್ತರಿಸಿ ಉಳಿದ ಚಿಂದಿಗಳನ್ನು ಆಯ್ದು, ಮಡಿಸಿ, ಹೊಲಿದು, ಒಳಗೆ ಇಟ್ಟುಕೊಳ್ಳಲು ದಪ್ಪ ಪಟ್ಟಿಗಳನ್ನು ಮಾಡಿಕೊಂಡಳು. ಕಪ್ಪು ಬಟ್ಟೆಯನ್ನು ಬಿಟ್ಟು ಬೇರೆ ಉಡುವುದನ್ನು ಬಿಟ್ಟಳು. ಒಂದು ದಿನ ಪಕ್ಕದ ಯಂತ್ರದಲ್ಲಿ ಕಾಜಾ ಹಾಕುವ, ಎಲ್ಲರೂ ಕಾಜಾದ ಅತ್ತಿಗೆ ಎನ್ನುತ್ತಿದ್ದ, ಹದಿಮೂರು ವರ್ಷ ಮೊಣಕೈಗೆ ಮೊಣಕೈ ತಾಗಿಸಿ ಕುಳಿತವಳು ತನ್ನ ಸ್ಟೂಲನ್ನು ಒಂದು ಗೇಣು ಅತ್ತ ಎಳೆದುಕೊಂಡಳು. ಸ್ಟೂಲಿನ ಕಾಲು ನೆಲಕ್ಕೆ ಉಜ್ಜಿದ ಆ ಸದ್ದನ್ನು ಕಾಲರಕ್ಕ ಸಾಯುವವರೆಗೂ ಮರೆಯಲಿಲ್ಲ.

ಕೊನೆಗೆ ಒಂದು ಮುಂಜಾನೆ ಚಳಿಜ್ವರ ಬಂದು ಅವಳು ಬಚ್ಚಲ ಹೊಸ್ತಿಲಲ್ಲೇ ಕುಸಿದಳು. ಗಂಡ ಅಂಗಡಿ ತೆರೆಯದೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ನರ್ಸ್ ಮೂತ್ರ ಇಳಿಸುವ ನಳಿಗೆ ಹಾಕಿದಾಗ ಒಂದು ಚೀಲ ತುಂಬಿತು. ಚೀಲ ಬದಲಿಸಿ ನೋಡಿದರೆ ಎರಡನೆಯದೂ ತುಂಬತೊಡಗಿತು. ನರ್ಸ್ ಹೋಗಿ ಡಾಕ್ಟರನ್ನು ಕರೆತಂದಳು. ನರೆಗೂದಲಿನ ಆ ಡಾಕ್ಟರಮ್ಮ ಚೀಲವನ್ನು ನೋಡಿದರು, ಹೊಟ್ಟೆಯನ್ನು ಮುಟ್ಟಿದರು, ಸ್ಕ್ಯಾನು ಮಾಡಿಸಿದರು. ಸಂಜೆ ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕುಳಿತರು.

“ನಾವು ಸುಮ್ಮನೆ ಕೂತಿದ್ರೂ ಮೈಯ ಸ್ನಾಯುಗಳಲ್ಲಿ ಒಂದು ಬಿಗಿ ಇರುತ್ತೆ ಅಮ್ಮ. ಆ ಬಿಗಿ ಹೊರಟುಹೋದ್ರೆ ಅದಕ್ಕೆ ಅಟೋನಿ ಅಂತೀವಿ. ನಿಮ್ಮ ಮೂತ್ರಕೋಶಕ್ಕೆ ಆಗಿರೋದು ಅದು. ತುಂಬಿ ತುಂಬಿ, ಹಿಗ್ಗಿ ಹಿಗ್ಗಿ, ಈಗ ಅದಕ್ಕೆ ಹಿಂಡೋ ಶಕ್ತಿ ಇಲ್ಲ.”

ಕಾಲರಕ್ಕ ಬಟ್ಟೆಯ ನಡುಪಟ್ಟಿಗೆ ಕೈ ಹಾಕಿದಳು. “ಎಲಾಸ್ಟಿಕ್ ಸತ್ತಂಗೆ,” ಎಂದಳು.

“ಹಾಗೇ ಅಂದ್ಕೊಳ್ಳಿ.”

“ಮತ್ತೆ ಬಿಗಿ ಬರಲ್ವಾ?”

ಡಾಕ್ಟರಮ್ಮ ಸುತ್ತಿ ಬಳಸಿ ಹೇಳುವವರಲ್ಲ. ಎರಡು ವರ್ಷ ಮೊದಲು ಬಂದಿದ್ದರೆ ಬರುತ್ತಿತ್ತೇನೋ, ಈಗ ಬಾರದು ಎಂದರು. ಇಳಿಯಲು ದಾರಿಯಿಲ್ಲದ ನೀರು ಮೇಲಕ್ಕೆ ಒತ್ತಿ ಮೂತ್ರಪಿಂಡಗಳೆರಡೂ ಅರ್ಧಕ್ಕಿಂತ ಹೆಚ್ಚು ಕೆಟ್ಟಿವೆ ಎಂದರು. ದಿನಕ್ಕೆ ಐದು ಸಲ, ಗಂಟೆ ನೋಡಿ, ತಾನೇ ನಳಿಗೆ ಹಾಕಿಕೊಂಡು ನೀರು ತೆಗೆಯಬೇಕು, ಬದುಕಿರುವವರೆಗೂ ಅಷ್ಟೇ. ಆಮೇಲೆ ಸ್ವರ ತಗ್ಗಿಸಿ ಕೇಳಿದರು.

“ನೀವು ಹೇಳಿದ್ರಲ್ಲ, ಗುಂಡಿ ಇಟ್ಕೊಳ್ಳೋದು, ತಡ್ಕೊಳ್ಳೋದು. ನಿಮ್ಮ ಸಾಲಲ್ಲಿ ಕರೆ ಬರೋದು ನಿಂತೋರು ಇನ್ನೂ ಯಾರಾದ್ರೂ ಇದ್ದಾರಾ? ಬೇಗ ಬಂದ್ರೆ ಕೆಲವರಿಗೆ ತಿರುಗಿ ಬರುತ್ತೆ. ಅದಕ್ಕೇ ಕೇಳ್ತಿರೋದು.”

ಕಾಲರಕ್ಕನ ಕಣ್ಣ ಮುಂದೆ ತಾನು ಹಂಚಿದ ಗುಂಡಿಗಳು ಸುಳಿದವು. ಹೌದೆಂದರೆ ಯಾರು ಕೊಟ್ಟದ್ದೆಂಬ ಪ್ರಶ್ನೆ ಬರುತ್ತದೆ. ಸಾಲಿನ ಹೆಂಗಸರು ಅವಳ ಮುಖ ನೋಡುವ ರೀತಿ ಬದಲಾಗುತ್ತದೆ. ಒದ್ದೆ ಬಟ್ಟೆಯ ಕಥೆ ಇಸ್ತ್ರಿಯವರ ಬಾಯಿಗೆ ಬೀಳುತ್ತದೆ.

“ಯಾರೂ ಇಲ್ಲ,” ಎಂದಳು.

ಡಾಕ್ಟರಮ್ಮ ಅವಳ ಚೀಟಿಯಲ್ಲಿ ಅದನ್ನು ಬರೆದುಕೊಂಡರು.

ಮನೆಗೆ ಬಂದ ಮೇಲೆ ಮೂತ್ರಪಿಂಡದಲ್ಲಿ ಕಲ್ಲು ಎಂದು ಎಲ್ಲರಿಗೂ ಹೇಳಿದಳು. ಮರಿಗೂ ಅದನ್ನೇ ಹೇಳಿದಳು. ನಿಜ ಬಲ್ಲವನು ಗಂಡನೊಬ್ಬನೇ. ಅವನು ನಳಿಗೆಗಳನ್ನು ಇಡಲು ಒಂದು ಹಳೆಯ ಸಾಬೂನು ಡಬ್ಬಿಯನ್ನು ಕುದಿನೀರಿನಲ್ಲಿ ತೊಳೆದು, ಅದರ ಮುಚ್ಚಳಕ್ಕೆ ಚಿಕ್ಕದೊಂದು ಚಿಲಕ ಕೂರಿಸಿ ಕೊಟ್ಟ. ಒಂಟೆಯ ಮಾತನ್ನು ಅವನು ಮತ್ತೆ ಎಂದೂ ಆಡಲಿಲ್ಲ. ಹೀಗೆ ಐದು ವಾರ ಕಳೆಯಿತು.

ಆರನೆಯ ವಾರದ ಒಂದು ಸಂಜೆ ಮರಿ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತ ಬಿಡುತ್ತಲೇ ಸುದ್ದಿ ಹೇಳಿದಳು. ಹನ್ನೊಂದನೆಯ ಯಂತ್ರ ಅವಳಿಗೆ ಸಿಕ್ಕಿತ್ತು. ಗಡಿಯಾರಣ್ಣ ಎಲ್ಲರೆದುರು, ಕಾಲರಕ್ಕನ ಜಾಗಕ್ಕೆ ಅವಳ ರಕ್ತವೇ ಸರಿ ಎಂದನಂತೆ. ದೊಡ್ಡಮ್ಮ ಕೂತು ಸವೆದ ಸ್ಟೂಲಿನ ಮೇಲೆ ತಾನು ಕುಳಿತಾಗ ಅಳು ಬಂತು ಎಂದು ಹೇಳುತ್ತ ಹುಡುಗಿ ನಕ್ಕಳು.

“ಇನ್ನೊಂದು ಹೇಳ್ತೀನಿ ಕೇಳು ದೊಡ್ಡಮ್ಮ. ಈಗ ನನಗೂ ನಿನ್ನ ಹಂಗೇ ಆಗಿದೆ. ನಾಲ್ಕು ತಿಂಗಳಾಯ್ತು. ಸಂಜೆ ತನಕ ಕರೆಯೋದೇ ಇಲ್ಲ. ಒಂದು ಚೂರೂ ಕಷ್ಟ ಇಲ್ಲ.”

ಕಾಲರಕ್ಕನ ಕೈಯಲ್ಲಿದ್ದ ಪಾತ್ರೆ ಕೈಯಲ್ಲೇ ಉಳಿಯಿತು. ನೀರು ಕುಡಿಯೇ, ನಾಳೆಯಿಂದ ಹಲಗೆ ಹಾಕಿಕೊಂಡು ಹೋಗೇ ಎಂದು ಅವಳು ಏನೇನೋ ತೊದಲಿದಳು. ಮನೆಯಲ್ಲಿ ಕೂತು ಹೇಳುವುದು ಸುಲಭ, ಹನ್ನೊಂದನೆಯ ಯಂತ್ರ ಒಂದು ನಿಮಿಷ ನಿಂತರೆ ಮುಂದಿನ ಇಪ್ಪತ್ತೈದು ಜನ ನಿಲ್ಲುತ್ತಾರೆ, ಅದು ನಿನಗೇ ಗೊತ್ತಲ್ಲ ಎಂದು ಹುಡುಗಿ ಅವಳನ್ನು ಅಣಕಿಸಿದಳು. ಆಗ ಕಾಲರಕ್ಕ ಅವಳ ರಟ್ಟೆ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋದಳು. ಬಾಗಿಲು ಹಾಕಿದಳು. ಸಾಬೂನು ಡಬ್ಬಿಯ ಚಿಲಕ ತೆಗೆದಳು. ತಾಯಿಯೂ ಮಗಳಿಗೆ ತೋರಿಸದಿರುವುದನ್ನು ತೋರಿಸಿದಳು: ನಳಿಗೆ ಹೇಗೆ ಒಳಗೆ ಹೋಗುತ್ತದೆ, ನೀರು ಹೇಗೆ ತಾನೇ ತಾನಾಗಿ ಬೋಗುಣಿಗೆ ಬೀಳುತ್ತದೆ, ಮುಗಿದ ಮೇಲೂ ಮುಗಿದದ್ದು ಹೇಗೆ ತಿಳಿಯುವುದಿಲ್ಲ.

ಮರಿ ಗೋಡೆಗೆ ಒರಗಿ ನಿಂತಿದ್ದಳು.

“ನಿನಗೆ ವಯಸ್ಸಾಯ್ತು ದೊಡ್ಡಮ್ಮ. ನನಗಿನ್ನೂ ಇಪ್ಪತ್ತಾರು.”

“ನಾನು ಗುಂಡಿ ಇಟ್ಕೊಳ್ಳೋಕೆ ಶುರು ಮಾಡಿದಾಗ್ಲೂ ಹೆಚ್ಚುಕಮ್ಮಿ ಅದೇ ವಯಸ್ಸು ಕಣೇ.”

“ಗುಂಡಿ ಕೊಟ್ಟೋಳು ನೀನು. ಈಗ ಉಗುಳು ಅನ್ನೋಳೂ ನೀನೇ. ಯಾವ ದೊಡ್ಡಮ್ಮನ ಮಾತು ಕೇಳ್ಲಿ ನಾನು?”

ಉತ್ತರಕ್ಕೆ ಕಾಯದೆ ಅವಳು ಬಾಗಿಲು ತೆಗೆದು ಹೋದಳು. ಆಸ್ಪತ್ರೆಗೆ ಬಾ ಎಂದರೆ, ಜಾಗ ಸಿಕ್ಕ ವಾರವೇ ರಜೆ ಕೇಳುವುದಿಲ್ಲ ಎಂದಳು. ಕಾಲರಕ್ಕ ಅಂದು ಪ್ರಾರ್ಥಿಸಲು ಕುಳಿತರೆ, ಎರಡು ವರ್ಷದ ಹಿಂದೆ ತಾನು ಸಲ್ಲಿಸಿದ್ದ ಕೃತಜ್ಞತೆ ಎದುರಿಗೆ ಬಂದು ನಿಂತಿತು. ಹುಡುಗಿ ನಾಲ್ಕು ತಿಂಗಳು ಎಂದಿದ್ದಳು. ಅದರಲ್ಲಿ ಐದು ವಾರ ತನ್ನ ‘ಯಾರೂ ಇಲ್ಲ’ ಎಂಬ ಮಾತಿಗೆ ಸೇರಿದ್ದು. ತನ್ನ ಮಾತನ್ನು ಒಬ್ಬಳು ನಂಬದಿದ್ದರೆ, ಎಲ್ಲರೆದುರು ಆಡಿದರೆ ನಂಬಿಯಾಳು ಎಂದು ಅವಳಿಗೆ ಅನ್ನಿಸಿತು. ಆಡಿದರೆ ಮುಖ ಹೋಗುತ್ತದೆ. ಆಡದಿದ್ದರೆ ಹುಡುಗಿ ಹೋಗುತ್ತಾಳೆ.

ಮುಂದಿನ ಸೋಮವಾರ ಕಾಲರಕ್ಕ ಕಾರ್ಖಾನೆಗೆ ಮರಳಿದಳು. ಕಾಲರ್ ಈಗ ಮರಿಯದು. ಇವಳಿಗೆ ಸಾಲಿನ ಕೊನೆಯಲ್ಲಿ ಉಳಿದ ದಾರ ಕತ್ತರಿಸುವ ಹಗುರ ಕೆಲಸ. ಹತ್ತು ಗಂಟೆಗೆ ಅವಳು ಕತ್ತರಿ ಕೆಳಗಿಟ್ಟು ಎದ್ದಳು. ಮೊಳೆಯ ಬಳಿಗೆ ಹೋಗಿ ಹಲಗೆಯನ್ನು ತೆಗೆದು ಕೊರಳಿಗೆ ಹಾಕಿಕೊಂಡಳು. ಅದನ್ನು ಕಂಡ ನಾಲ್ಕೈದು ಯಂತ್ರಗಳು ತಾವಾಗಿಯೇ ನಿಂತವು. ಕಾಲರಕ್ಕನ ಕೊರಳಲ್ಲಿ ಹಲಗೆ ಎಂದರೆ ಸಾಮಾನ್ಯವೇ? ಅವಳು ಹೊರಗೆ ಹೋಗಲಿಲ್ಲ. ಸಾಲಿನ ನಡುವೆ ನಿಂತು, ಡಬ್ಬಿಯನ್ನು ತೆರೆದು, ನಳಿಗೆಯನ್ನು ಎತ್ತಿ ಹಿಡಿದಳು.

“ನಾನು ಉಚ್ಚೆಗೆ ಹೋಗ್ತಿದ್ದೀನಿ. ಕೂತ್ರೆ ಬರಲ್ಲ. ಇದನ್ನ ಹಾಕ್ಕೊಂಡು ತೆಗೀಬೇಕು, ದಿನಕ್ಕೆ ಐದು ಸಲ, ಸಾಯೋ ತನಕ. ಕಲ್ಲು ಅಂತ ನಾನು ಹೇಳಿದ್ದು ಸುಳ್ಳು. ಒಳಗಿನ ಸ್ನಾಯು ಬಿಗಿ ಕಳ್ಕೊಂಡು ಜೋತುಬಿದ್ದಿದೆ. ಅದನ್ನ ಹಾಗೆ ಮಾಡಿದೋಳು ನಾನೇ. ನಿಮ್ಮ ಬಾಯಲ್ಲಿ ಗುಂಡಿ ಇಟ್ಟೋಳೂ ನಾನೇ.”

ಉಸಿರು ಸಾಲದೆ ಅವಳು ಒಂದು ಯಂತ್ರವನ್ನು ಹಿಡಿದುಕೊಂಡಳು.

“ಯಾರಿಗೆ ಕರೆ ಬರೋದು ನಿಂತಿದೆಯೋ ಅವರು ಖುಷಿ ಪಡಬೇಡಿ. ನಾನೂ ಖುಷಿ ಪಟ್ಟಿದ್ದೆ.”

ಇಸ್ತ್ರಿಯ ಮೇಜುಗಳ ಕಡೆಯಿಂದ ಒಂದು ನಗೆ ಬಂತು, ಜೊತೆಗೆ ನಗುವವರಿಲ್ಲದೆ ಅಲ್ಲೇ ಅಡಗಿತು. ಗಡಿಯಾರಣ್ಣ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. “ಅಕ್ಕಾ, ಬಂಡಲ್ ನಿಂತಿದೆ.”

“ನಿಲ್ಲಲಿ ಬಿಡಪ್ಪ. ನಾನು ಇಷ್ಟು ವರ್ಷ ನಿಲ್ಲಿಸಿಲ್ಲ.”

ಅವನು ಗೋಡೆಯ ಗಡಿಯಾರವನ್ನು ನೋಡಲಿಲ್ಲ, ನೆಲವನ್ನು ನೋಡಿದ. ಕಾಜಾದ ಅತ್ತಿಗೆ ತಲೆ ಬಗ್ಗಿಸಿ ತನ್ನ ಬಾಯಿಯ ಗುಂಡಿಯನ್ನು ಅಂಗೈಗೆ ಉಗುಳಿದಳು.

“ಹದಿಮೂರು ವರ್ಷ ಚೀಪಿದ್ದೀನಿ,” ಎಂದಳು, “ಒಂದು ದಿನಾನೂ ರುಚಿ ಹತ್ತಲಿಲ್ಲ.”

ಯಾರೋ ಬಿಕ್ಕಿದಂತೆ ನಕ್ಕರು, ಯಾರೋ ನಕ್ಕಂತೆ ಬಿಕ್ಕಿದರು. ಒಬ್ಬೊಬ್ಬರಾಗಿ ಗುಂಡಿಗಳು ಹೊರಬಂದವು. ಯಂತ್ರಗಳ ಮೇಲೆ, ದಾರದ ಬಾಬಿನ್ ಡಬ್ಬಿಗಳಲ್ಲಿ, ನೆಲದ ಮೇಲೆ ಒದ್ದೆ ಬಿಳಿ ಗುಂಡಿಗಳು. ಕಾಲರಕ್ಕ ನೋಡುತ್ತಿದ್ದುದು ಹನ್ನೊಂದನೆಯ ಯಂತ್ರವೊಂದನ್ನೇ. ಮರಿ ತಲೆಯೆತ್ತಲಿಲ್ಲ. ಮೊಂಡು ಕಡ್ಡಿಯಿಂದ ಒಂದು ಕಾಲರಿನ ತುದಿಯನ್ನು ಚುಚ್ಚುತ್ತಲೇ ಇದ್ದಳು, ಚುಚ್ಚುತ್ತಲೇ ಇದ್ದಳು. ಅವಳ ಬಾಯಿಯ ಗುಂಡಿ ಹೊರಬರಲಿಲ್ಲ.

ಮನೆಯಲ್ಲಿ ಆ ಸಂಜೆ ಮರಿ ಆಡಿದ್ದು ಒಂದೇ ಮಾತು. ಇನ್ನು ಮೇಲೆ ಯಾರು ನನ್ನ ಮುಖ ನೋಡಿದರೂ ಅವರಿಗೆ ಆ ನಳಿಗೆಯೇ ನೆನಪಾಗುತ್ತದೆ ಎಂದಳು. ಹನ್ನೊಂದು ದಿನ ಒಂದೇ ಸೂರಿನಡಿ ಮಾತಿಲ್ಲದೆ ಉಂಡರು, ಮಲಗಿದರು. ಹನ್ನೆರಡನೆಯ ದಿನ ಮಧ್ಯಾಹ್ನ ಮರಿಯ ಕಾಲರುಗಳು ತುದಿ ತಪ್ಪಿದವು. ಕಾಜಾದ ಅತ್ತಿಗೆ ಮುಟ್ಟಿ ನೋಡಿದರೆ ಹುಡುಗಿ ಕೆಂಡದ ಹಾಗೆ ಸುಡುತ್ತಿದ್ದಳು. ಹಲ್ಲು ಕಟಕಟನೆ ಕಡಿಯುತ್ತಿದ್ದವು. ಇಬ್ಬರು ಹೆಂಗಸರು ಎರಡು ಕಡೆ ಆನಿಸಿಕೊಂಡು ಅವಳನ್ನು ಅದೇ ಆಸ್ಪತ್ರೆಗೆ ತಂದರು.

ಡಾಕ್ಟರಮ್ಮ ಹೆಸರು, ಮನೆ, ಕೆಲಸ ಎಲ್ಲ ಕೇಳಿದ ಮೇಲೆ ಅವರ ಹಿಂದೆಯೇ ಬಂದು ನಿಂತಿದ್ದ ಕಾಲರಕ್ಕನನ್ನು ಗುರುತಿಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಅವತ್ತು ಕೇಳಿದ್ನಲ್ಲಮ್ಮ ನಾನು.”

“ಸುಳ್ಳು ಹೇಳಿದೆ,” ಎಂದಳು ಕಾಲರಕ್ಕ. “ನಾಚಿಕೆಗೆ.”

ಹಾಸಿಗೆಯ ಮೇಲಿದ್ದ ಮರಿ ಅದನ್ನು ಕೇಳಿಸಿಕೊಂಡಳು. ಡಾಕ್ಟರು ಕೇಳಿದ್ದಾರೆ, ದೊಡ್ಡಮ್ಮ ಇಲ್ಲವೆಂದಿದ್ದಾಳೆ. ಜ್ವರದಲ್ಲೂ ಆ ಲೆಕ್ಕ ಅವಳಿಗೆ ತಪ್ಪಲಿಲ್ಲ. ಆರು ವಾರ ಅವಳ ತೊಡೆಗೆ ಚೀಲ ಕಟ್ಟಿ, ಒಳಗೆ ನಳಿಗೆಯಿಟ್ಟು, ದಣಿದ ಸ್ನಾಯುವಿಗೆ ವಿಶ್ರಾಂತಿ ಕೊಟ್ಟರು. ನಳಿಗೆ ತೆಗೆದ ದಿನ ಅವಳು ಹನ್ನೆರಡು ಗಂಟೆಯವರೆಗೆ ಕಾದು ಕುಳಿತಿದ್ದಳು. ಕೊನೆಗೆ ದೂರದ ಕೋಣೆಯಲ್ಲಿ ಯಾರೋ ಬಾಗಿಲು ತಟ್ಟಿದಷ್ಟು ಮೆಲ್ಲಗೆ ಕರೆ ಬಂತು. ಪೂರ್ತಿ ಬರಲಿಲ್ಲ, ಅರ್ಧ ಬಂತು. ಉಳಿದ ಅರ್ಧಕ್ಕೆ ಮೂರು ಗಂಟೆಗೊಮ್ಮೆ ಗಡಿಯಾರ ನೋಡಿ ಏಳಬೇಕು. ಆ ಸಾಲಿನಿಂದ ಆ ವರ್ಷ ಇನ್ನೂ ಹದಿನಾಲ್ಕು ಹೆಂಗಸರು ಆಸ್ಪತ್ರೆಗೆ ಬಂದರು. ಅವರಲ್ಲಿ ಇಬ್ಬರಿಗೆ ತಡವಾಗಿತ್ತು.

ಮರಿ ಮನೆಗೆ ಬಂದಳು, ಕೆಲಸಕ್ಕೆ ಹೋದಳು, ಊಟಕ್ಕೆ ಕುಳಿತಳು. ಆದರೆ ದೊಡ್ಡಮ್ಮ ಎಂಬ ಶಬ್ದ ಅವಳ ಬಾಯಿಂದ ಮತ್ತೆ ಹೊರಡಲಿಲ್ಲ. ಬೇಕಾದಾಗ “ಇಲ್ಲಿ ನೋಡಿ” ಎನ್ನುತ್ತಿದ್ದಳು, ಪರವೂರಿನ ಹೆಂಗಸನ್ನು ಕರೆದ ಹಾಗೆ. ಗಂಡ ಮಧ್ಯೆ ಬಾಯಿ ಹಾಕಲು ಹೋದಾಗ ಕಾಲರಕ್ಕ ತಡೆದಳು. ಅವಳ ಸಿಟ್ಟು ನ್ಯಾಯದ್ದು, ಅದನ್ನು ಅವಳಿಂದ ಕಿತ್ತುಕೊಳ್ಳಬೇಡಿ ಎಂದಳು.

ಕಾರ್ಖಾನೆಯಲ್ಲಿ ಆದ ಬದಲಾವಣೆ ದೊಡ್ಡದೇನಲ್ಲ. ಒಂದು ಹಲಗೆಯಿದ್ದಲ್ಲಿ ಎರಡಾದವು, ಅಷ್ಟೇ. ಹೆಂಗಸರು ಗುಂಡಿ ಬಿಟ್ಟರು, ನೀರಿನ ಬಾಟಲಿ ತಂದರು. ಆದರೂ ಏಳಲು ಹಿಂಜರಿಯುತ್ತಿದ್ದರು, ಏಕೆಂದರೆ ಆ ಉದ್ದನೆಯ ನಡಿಗೆ ಹಾಗೆಯೇ ಇತ್ತು, ಪಾಯಿಖಾನೆಯ ಬಾಗಿಲಿಗೆ ಚಿಲಕವೂ ಇರಲಿಲ್ಲ. ಬೀಗದವನಾದ ಗಂಡ ತಾನು ಬಂದು ಹಾಕಿಕೊಡುತ್ತೇನೆಂದರೆ ಹೊರಗಿನವರಿಗೆ ಒಳಗೆ ಅಪ್ಪಣೆಯಿಲ್ಲ ಎಂದರು. ಆಗ ಕಾಲರಕ್ಕ ಒಂದು ನೇಮ ಹಿಡಿದಳು. ಹೇಗೂ ಅವಳು ಗಂಟೆ ನೋಡಿ ಹೋಗಲೇಬೇಕು. ಹತ್ತು ಗಂಟೆಗೆ, ಒಂದು ಗಂಟೆಗೆ, ನಾಲ್ಕು ಗಂಟೆಗೆ ಎದ್ದು, ಸಾಲಿನಲ್ಲಿ ನಡೆಯುತ್ತ ಯಾವಳಾದರೂ ಒಬ್ಬಳ ಭುಜ ಮುಟ್ಟಿ, ಬಾ, ನನಗೆ ಜೊತೆ ಬಾ ಎನ್ನುತ್ತಿದ್ದಳು. ತನಗೆ ಜೊತೆ ಬೇಕೆಂದು ಕೇಳಿದರೆ ಯಾರಿಗೂ ನಾಚಿಕೆಯಿಲ್ಲ. ಇಬ್ಬರೂ ಮಾತಾಡುತ್ತ ಇಸ್ತ್ರಿಯವರ ಮುಂದೆ ದಾಟುವರು. ಒಬ್ಬಳು ಒಳಗಿರುವಾಗ ಇನ್ನೊಬ್ಬಳು ಹೊರಗೆ ನಿಂತು, ಬಾಗಿಲಿಗೆ ಬೆನ್ನು ಕೊಟ್ಟು ಕಾಯುವಳು. ನಾಲ್ಕು ತಿಂಗಳಾಗುವಷ್ಟರಲ್ಲಿ ಅವಳಿಲ್ಲದೆಯೂ ಹೆಂಗಸರು ಜೋಡಿ ಜೋಡಿಯಾಗಿ ಹೋಗತೊಡಗಿದರು. ಗಡಿಯಾರಣ್ಣ ಸಂಖ್ಯೆ ಕೂಗುವುದನ್ನು ಯಾವಾಗ ಬಿಟ್ಟನೆಂಬುದು ಯಾರಿಗೂ ನೆನಪಿಲ್ಲ.

ಪ್ರತಿದಿನ ಅವಳು ಹನ್ನೊಂದನೆಯ ಯಂತ್ರದ ಬಳಿಯೂ ನಿಂತು ಆ ಭುಜವನ್ನು ಮುಟ್ಟುತ್ತಿದ್ದಳು. ಮರಿ ಅಲ್ಲಾಡುತ್ತಿರಲಿಲ್ಲ; ಅವಳು ತನ್ನ ಗಂಟೆಗೆ ಒಬ್ಬಳೇ ಹೋಗಿ ಬರುವಳು. ಮೂರು ವರ್ಷ ಹಾಗೆಯೇ ನಡೆಯಿತು. ಅಷ್ಟರಲ್ಲಿ ಮೂತ್ರಪಿಂಡಗಳು ಸೋತು ಕಾಲರಕ್ಕನ ಪಾದಗಳು ಬಾತುಕೊಂಡವು, ಮುಖದ ಬಣ್ಣ ಮಣ್ಣಿನಂತಾಯಿತು, ಯಂತ್ರ ಯಂತ್ರಕ್ಕೆ ಕೈಯೂರಿ ನಡೆಯುವ ಹಾಗಾಯಿತು. ಒಂದು ದಿನ ಹತ್ತು ಗಂಟೆಗೆ ಅವಳು ಎಂದಿನಂತೆ ಭುಜ ಮುಟ್ಟಿ ಮುಂದೆ ಹೋಗಲಿದ್ದಾಗ ಹನ್ನೊಂದನೆಯ ಯಂತ್ರ ನಿಂತಿತು.

“ನಡೀರಿ,” ಎಂದಳು ಮರಿ. “ನಾನು ಬಾಗಿಲು ಹಿಡೀತೀನಿ.”

ಆಗಲೂ ದೊಡ್ಡಮ್ಮ ಎನ್ನಲಿಲ್ಲ. ಮುದುಕಿಯಂತಾಗಿದ್ದ ಅವಳ ರಟ್ಟೆಯನ್ನು ಹಿಡಿದು ಆ ಉದ್ದಕ್ಕೂ ನಡೆಸಿದಳು, ಹೊರಗೆ ನಿಂತು ಬಾಗಿಲಿಗೆ ಬೆನ್ನು ಕೊಟ್ಟಳು, ಒಳಗೆ ಡಬ್ಬಿಯ ಚಿಲಕದ ಸದ್ದು ಕೇಳುವವರೆಗೂ ಕಾದಳು. ಏಳು ತಿಂಗಳು ಪ್ರತಿದಿನ ಹಾ‌ಗೆ ಮಾಡಿದಳು. ಆಮೇಲೆ ಕಾಲರಕ್ಕ ಕೆಲಸಕ್ಕೆ ಬರಲಿಲ್ಲ. ಮೂರು ವಾರ ಹಾಸಿಗೆ ಹಿಡಿದು, ಒಂದು ಬೆಳಗಿನ ಹೊತ್ತು ತೀರಿಕೊಂಡಳು. ಕ್ಷಮಿಸಿದೆ ಎಂದು ಮರಿ ಹೇಳಿದಳೇ ಎಂದು ನೀವು ಕೇಳಬಹುದು. ಹೇಳಿದ್ದನ್ನು ಕೇಳಿದವರಿಲ್ಲ.

ನನ್ನ ಪ್ರಿಯರೇ, ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ, ನೀವು ಮೇಲ್ವಿಚಾರಣೆ ಮಾಡುವ ಕೋಣೆಯಲ್ಲಿ ಹಲ್ಲು ಕಚ್ಚಿ ಕುಳಿತವಳು ಒಬ್ಬಳು ಇದ್ದೇ ಇರುತ್ತಾಳೆ. ಅವಳು ಕೇಳುವುದಿಲ್ಲ, ಕೇಳಬಾರದೆಂದು ಯಾರೋ ಪ್ರೀತಿಯವರೇ ಅವಳಿಗೆ ಕಲಿಸಿದ್ದಾರೆ. ಅವಳ ತಾಳ್ಮೆಯನ್ನು ಹೊಗಳಬೇಡಿರಿ. ನಿಮ್ಮಲ್ಲಿ ಯಾರಾದರೂ ಹಾಗೆ ತಡೆದು ತಡೆದು ಕೆಟ್ಟಿದ್ದರೆ, ನಾಚಿಕೆ ಬಿಟ್ಟು, ಇನ್ನೊಬ್ಬರಿಗೆ ತಡವಾಗುವ ಮೊದಲು ಬಾಯಿ ಬಿಟ್ಟು ಹೇಳಿರಿ. ನಾಳೆ ಹತ್ತು ಗಂಟೆಗೆ ನೀವೇ ಮೊದಲು ಏಳಿರಿ. ಅವಳ ಭುಜ ಮುಟ್ಟಿ, ನನಗೆ ಜೊತೆ ಬಾ ಎಂದು ಕರೆಯಿರಿ. ಅವಳು ಒಳಗೆ ಹೋದ ಮೇಲೆ ಹೊರಗೆ ನಿಂತು, ಬರುವವರೆಗೂ ಬಾಗಿಲು ಹಿಡಿದುಕೊಂಡಿರಿ.